ರೇಡಿಯೋ ಸಂಗೀತ ಕಛೇರಿಯ ಕ್ಯಾಸೆಟ್‌ಗಳಿಗೆ ಆಡಾಸಿಟಿ
ಆಕಾಶವಾಣಿಯಿಂದ ಹಿಡಿದಿಟ್ಟ ಹಳೆಯ ಸಂಗೀತ ಕಛೇರಿಗಳಿಗೆ ಧ್ವನಿ ತಿದ್ದುವ ಈ ಉಚಿತ ತಂತ್ರಾಂಶ ಧಾರಾಳ ಸಾಕು. ಆದರೆ ಇದರ ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸುವ ಸಾಧನ) ಅನ್ನು ಕಣ್ಣುಮುಚ್ಚಿ ಹಾಕಿದರೆ ಮೊದಲು ಹಾಳಾಗುವುದು ತಂಬೂರಿ. ಗದ್ದಲದ ಮಾದರಿಯಾಗಿ ಕೊಟ್ಟ ತುಣುಕಿನಲ್ಲಿ ತಂಬೂರಿಯಿದ್ದರೆ ಅದರ ಎಡೆಬಿಡದ ಶ್ರುತಿಯನ್ನೂ ಅದು ಗದ್ದಲವೆಂದೇ ಎಣಿಸುತ್ತದೆ. ಆ ಮಾದರಿಯನ್ನು ಉದ್ಘೋಷಕರ ಮಾತಿನ ನಡುವಿನ ಬಿಡುವಿನಿಂದಲೇ ಆರಿಸಿ, ಗದ್ದಲ ತಗ್ಗಿಸುವಾಗ 6 ಡೆಸಿಬಲ್ ದಾಟಬೇಡಿ. ಮೀಡಿಯಂ ವೇವ್ ಧ್ವನಿಮುದ್ರಣದಲ್ಲಿ 6 ಕಿಲೋಹರ್ಟ್ಸ್ ಮೇಲೆ ಸಂಗೀತ ಉಳಿದಿರುವುದು ತೀರ ಕಡಿಮೆ. ಅಲ್ಲಿ ಮೇಲಿನ ಕಂಪನಾಂಕಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಸಾಕು. ವಿದ್ಯುತ್ತಿನ 50, 100 ಹರ್ಟ್ಸ್ ಗುಂಯ್‌ಗುಡುವಿಕೆಗೆ ಕಿರಿದಾದ ಪಟ್ಟಿಯನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್ ಇದೆ, ಆದರೆ ಆ ಪಟ್ಟಿಯನ್ನು ಅಗಲಿಸಿದರೆ ಮೃದಂಗದ ತೊಪ್ಪಿಯ (ಮಂದ್ರ ನಾದದ ಬದಿಯ) ದನಿ ಸೊರಗುತ್ತದೆ. ಶ್ರುತಿ ಏರಿದ್ದರೆ ಪಿಚ್ ಮಾತ್ರವಲ್ಲ, ಸ್ಪೀಡನ್ನೇ ತಗ್ಗಿಸಿ. ಟೇಪು ವೇಗವಾಗಿ ಓಡಿದಾಗ ಕಾಲಪ್ರಮಾಣವೂ (ಹಾಡಿನ ನಡೆಯೂ) ಓಡಿರುತ್ತದೆ. ಅಜಿಮತ್ (ಟೇಪಿಗೆ ತಾಗುವ ಹೆಡ್ಡಿನ ಕೋನ) ತಪ್ಪಿ ಮಸುಕಾದ ಪಿಟೀಲನ್ನು ಮಾತ್ರ ಇದು ಮರಳಿಸದು. ಅದಕ್ಕೆ ಡಿಜಿಟಲೀಕರಣಕ್ಕೆ ಮುಂಚೆಯೇ ಪ್ರತಿ ಕ್ಯಾಸೆಟ್‌ಗೂ ಹೆಡ್ಡಿನ ತಿರುಪು ಹೊಂದಿಸಬೇಕು.