ಒಮ್ಮೆ ಮತ್ತು ಇನ್ನೊಮ್ಮೆ: ‘ಪಥೇರ್ ಪಾಂಚಾಲಿ’ಯ ಕಾದಂಬರಿ ಹಾಗೂ ಚಿತ್ರ

ಕಳೆದ ಮಳೆಗಾಲದಲ್ಲಿ, ಒಂದೇ ತಿಂಗಳ ಅವಧಿಯಲ್ಲಿ, ‘ಪಥೇರ್ ಪಾಂಚಾಲಿ’ಯನ್ನು ನಾನು ಮೂರು ರೂಪಗಳಲ್ಲಿ ಕಂಡೆ. ಮೊದಲು ಟಿ. ಡಬ್ಲ್ಯೂ. ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿ ಅವರ 1968ರ ಇಂಗ್ಲಿಷ್ ಅನುವಾದವನ್ನು ಓದಿದೆ. ಆಮೇಲೆ ಸತ್ಯಜಿತ್ ರಾಯ್ ಅವರ 1955ರ ಚಿತ್ರವನ್ನು ಎರಡು ಸಲ ನೋಡಿದೆ. ಅನುವಾದದಲ್ಲಿ ಇಲ್ಲದ ಭಾಗವೊಂದು ಮೂಲದಲ್ಲಿದೆ ಎಂದು ತಿಳಿದ ಮೇಲೆ, ಬಂಗಾಳಿ ಮನೆಮಾತಿನ ಸಹೋದ್ಯೋಗಿಯೊಬ್ಬರನ್ನು ಕಾಡಿ ಬೇಡಿ, ಆ ಭಾಗವನ್ನು ಅವರಿಂದ ಓದಿಸಿ ಅರ್ಥ ಹೇಳಿಸಿಕೊಂಡೆ. ಕಾಲೇಜಿನ ದಿನಗಳಲ್ಲಿ ಸವೆದ ಪ್ರತಿಯೊಂದರಲ್ಲಿ ಈ ಚಿತ್ರವನ್ನು ನೋಡಿದ್ದೆನಾದರೂ ಆಗ ಕಾಶವೆಂಬ ಎತ್ತರದ ಹುಲ್ಲಿನ ಬಿಳಿಯ ಹೂವಿನ ಮೇಲೆ ಬಿಳಿಯ ಅಕ್ಷರಗಳ ಅಡಿಬರಹ ಕರಗಿಹೋಗಿ, ಮಕ್ಕಳು ಏನು ಮಾತನಾಡಿಕೊಂಡರೆಂಬುದೇ ತಿಳಿದಿರಲಿಲ್ಲ. ಮುಂದೆ ಹೇಳಲಿರುವ ವಿಷಯ ಆ ಮಕ್ಕಳ ಒಂದೆರಡು ಮಾತುಗಳ ಮೇಲೆಯೇ ನಿಂತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಈ ಕಾದಂಬರಿ ‘ಬಿಚಿತ್ರಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1929ರಲ್ಲಿ ಪುಸ್ತಕವಾಯಿತು. ನಿಶ್ಚಿಂದಿಪುರವೆಂಬ ಹಳ್ಳಿಯ ಬಡ ಪುರೋಹಿತ ಹರಿಹರ, ಅವನ ಹೆಂಡತಿ ಸರ್ವಜಯಾ, ಮಗಳು ದುರ್ಗಾ, ಮಗ ಅಪು, ಜೊತೆಗೆ ದೂರದ ನಂಟಿನ ಮುದುಕಿ ಇಂದಿರ್ ಠಾಕ್ರುಣ್ ಇವರ ಬದುಕು ಎರಡು ಕಡೆಯೂ ಇದೆ. ಹುಡುಗನೊಬ್ಬ ಬೆಳೆಯುವ ಕಥೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ವಾಡಿಕೆಯಿದೆ. ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಹಾಗೆನಿಸಲಿಲ್ಲ. ಕಾದಂಬರಿ ಅಪುವಿನದು, ಚಿತ್ರ ಅವನ ಅಕ್ಕನದು.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರುವುದು ರೈಲಿನ ಪ್ರಸಂಗದಲ್ಲಿ. ಕಾಶದ ಬಯಲಿನ ನಡುವೆ ಓಡುವ ಇಬ್ಬರು ಮಕ್ಕಳು, ದೂರದಲ್ಲಿ ಕಪ್ಪು ಹೊಗೆ ಬಿಡುತ್ತ ಬರುವ ಗಾಡಿ. ಚಿತ್ರವನ್ನು ನೋಡದವರೂ ಈ ದೃಶ್ಯವನ್ನು ಎಲ್ಲಾದರೂ ಕಂಡಿರುತ್ತಾರೆ. ಕಾದಂಬರಿಯಲ್ಲಿ ಈ ದೃಶ್ಯವೇ ಇಲ್ಲ. ಅಲ್ಲಿ ಕಳೆದುಹೋದ ಕರುವನ್ನು ಹುಡುಕುವ ನೆಪದಲ್ಲಿ ಅಕ್ಕ ತಮ್ಮ ಇಬ್ಬರೂ ರೈಲು ಹಾದಿಯನ್ನು ಅರಸಿ ಹೊರಡುತ್ತಾರೆ, ಹೊಲ ಜೌಗುಗಳಲ್ಲಿ ದಾರಿ ತಪ್ಪುತ್ತಾರೆ, ಏನನ್ನೂ ಕಾಣದೆ ಹೊತ್ತು ಮೀರಿ ಮನೆಗೆ ಮರಳುತ್ತಾರೆ. ಮುಂದೊಮ್ಮೆ ತಂದೆಯ ಜೊತೆ ಪ್ರಯಾಣ ಹೊರಟ ಅಪುವಿಗೆ ಹಳಿಗಳು ಕಾಣಸಿಗುತ್ತವೆ, ಆದರೆ ಗಾಡಿ ಬರುವವರೆಗೆ ಕಾಯೋಣವೆಂದರೆ ಹರಿಹರ ಒಪ್ಪುವುದಿಲ್ಲ. ದುರ್ಗಾಳಿಗಂತೂ ಹಳಿಯನ್ನು ಕಾಣುವ ಭಾಗ್ಯವೂ ಇಲ್ಲ. ಜ್ವರದಲ್ಲಿ ಮಲಗಿದ ಅವಳು ತಮ್ಮನನ್ನು ಕೇಳುವುದು ಇಷ್ಟೇ: ನನಗೆ ಒಮ್ಮೆ ರೈಲುಗಾಡಿ ತೋರಿಸುತ್ತೀಯಾ? ಕೆಲವು ಪುಟಗಳ ನಂತರ ಅವಳು ಇಲ್ಲವಾಗುತ್ತಾಳೆ.

ಚಿತ್ರದಲ್ಲಿಯೂ ಕಾಯಿಲೆಯ ಹಾಸಿಗೆಯಿಂದ ದುರ್ಗಾ ರೈಲಿನ ಮಾತನ್ನೇ ಆಡುತ್ತಾಳೆ. ಆದರೆ ಅಲ್ಲಿ ಅವಳು ಹೇಳುವುದು, ಜ್ವರ ಬಿಟ್ಟ ಮೇಲೆ ಇನ್ನೊಮ್ಮೆ ಹೋಗಿ ನೋಡೋಣ ಎಂದು. ‘ಒಮ್ಮೆ’ ಎಂಬುದು ‘ಇನ್ನೊಮ್ಮೆ’ ಆಗಿದೆ. ಒಂದು ಪದ ಬದಲಾದದ್ದರಿಂದ ಸಾವಿನ ಬಣ್ಣವೇ ಬದಲಾಗಿದೆ. ಕಾದಂಬರಿಯ ದುರ್ಗಾ ಕೈಗೆಟುಕದ್ದನ್ನು ಕೇಳುತ್ತ ಸತ್ತಳು, ಚಿತ್ರದ ದುರ್ಗಾ ಕಂಡದ್ದರ ರುಚಿಯನ್ನು ನೆನೆಯುತ್ತ ಸತ್ತಳು. ಮೊದಲನೆಯ ಸಲ ನೋಡಿದಾಗ, ರಾಯ್ ಅವರು ಕರುಣೆಗೆ ಸೋತು ಕಥೆಯ ಮೊನೆಯನ್ನು ಮೊಂಡು ಮಾಡಿದರೆಂದು ನನಗೆ ಸಿಟ್ಟು ಬಂದಿತ್ತು. ಎರಡನೆಯ ಸಲ ಗಮನವಿಟ್ಟು ನೋಡಿದಾಗ ಬೇರೆ ಸಂಗತಿ ಕಣ್ಣಿಗೆ ಬಿತ್ತು. ಗಾಡಿ ಸಮೀಪಿಸುವ ಹೊತ್ತಿಗೆ ಓಡುತ್ತಿರುವ ದುರ್ಗಾ ಎಡವಿ ಬೀಳುತ್ತಾಳೆ, ಹಳಿಯ ಹತ್ತಿರಕ್ಕೆ ತಲುಪುವವನು ಅಪು ಒಬ್ಬನೇ. ಕ್ಯಾಮೆರಾ ಆಗ ಹಳಿಯ ಆಚೆ ಬದಿಗೆ ಹೋಗಿರುತ್ತದೆ. ನಮ್ಮ ಮುಖಕ್ಕೆ ರಾಚುವಂತೆ ಚಕ್ರಗಳು ಹಾದುಹೋಗುತ್ತವೆ, ಚಕ್ರಗಳ ಸಂದಿನಲ್ಲಿ ಆಚೆಯ ಹುಡುಗ ತುಣುಕು ತುಣುಕಾಗಿ ಕಾಣುತ್ತಾನೆ. ರಾಯ್ ದುರ್ಗಾಳಿಗೆ ರೈಲನ್ನು ಪೂರ್ತಿಯಾಗಿ ಕೊಟ್ಟಿರಲಿಲ್ಲ. ಕಾದಂಬರಿಕಾರರು ಹತ್ತಾರು ಪುಟಗಳಲ್ಲಿ ಹರಡಿದ ನಿರಾಕರಣೆಯನ್ನು ಅವರು ಒಂದು ಎಡವುವಿಕೆಯಲ್ಲಿ ಅಡಗಿಸಿದ್ದಾರೆ. ಆದರೂ ಇಲ್ಲಿ ನನ್ನ ಮತ ಕಾದಂಬರಿಗೇ.

ಇಂದಿರ್ ಠಾಕ್ರುಣ್ ವಿಷಯದಲ್ಲಿ ನನ್ನ ಮತ ಚಿತ್ರದ ಕಡೆಗೆ ವಾಲುತ್ತದೆ. ಕಾದಂಬರಿಯಲ್ಲಿ ಅವಳು ಮೊದಲ ಭಾಗದಲ್ಲಿಯೇ ಸಾಯುತ್ತಾಳೆ. ಅಪು ಆಗ ಇನ್ನೂ ಕೂಸು. ಅವಳ ಕಥೆಯನ್ನು ಹೇಳಲು ವಿಭೂತಿಭೂಷಣರು ಹಿಂದಿನ ತಲೆಮಾರಿಗೆ ಹೋಗುತ್ತಾರೆ: ಕುಲೀನ ಬ್ರಾಹ್ಮಣರ ಬಹುಪತ್ನೀತ್ವ, ಹೆಸರಿಗೆ ಮಾತ್ರ ಗಂಡನಾಗಿ ಎಂದೋ ಒಮ್ಮೆ ಬಂದುಹೋಗುವ ಗಂಡ, ತವರಿನ ಮೂಲೆಯಲ್ಲೇ ಮುದಿಯಾಗುವ ಹೆಂಡತಿ. ಆ ಭಾಗದ ಹೆಸರಿನಲ್ಲಿಯೇ ಆ ಪದ್ಧತಿಯ ಶಾಪದ ಸೂಚನೆಯಿದೆ. ಈ ಇತಿಹಾಸದಲ್ಲಿ ಒಂದೆಳೆಯೂ ಚಿತ್ರದಲ್ಲಿ ಇಲ್ಲ. ಬದಲಿಗೆ ಸುಮಾರು ಎಂಬತ್ತು ವರ್ಷದ ಚುನಿಬಾಲಾ ದೇವಿಯ ಬಾಗಿದ ಬೆನ್ನು, ಬೊಚ್ಚು ಬಾಯಿ, ಹರಕು ಶಾಲು ಇವೆ. ಹೊತ್ತು ಮುಳುಗಿತು, ಇನ್ನು ದಾಟಿಸಪ್ಪಾ ಹರಿಯೇ ಎಂದು ಅವರು ಹಾಡುವ ಹಾಡು ಇದೆ. ರಾಯ್ ಅವಳನ್ನು ಅಪು ಓಡಾಡುವ ವಯಸ್ಸಿನವರೆಗೂ ಬದುಕಿಸಿಟ್ಟು, ರೈಲು ಕಂಡ ದಿನವೇ ಬಿದಿರ ಮೆಳೆಯಲ್ಲಿ ಮಕ್ಕಳ ಕಣ್ಣೆದುರಿಗೆ ತರುತ್ತಾರೆ. ತೂಕಡಿಸುತ್ತಿದ್ದಾಳೆಂದು ತಿಳಿದು ದುರ್ಗಾ ಅಲುಗಾಡಿಸಿದರೆ ಮುದುಕಿ ಪಕ್ಕಕ್ಕೆ ಉರುಳುತ್ತಾಳೆ, ಅವಳ ತಂಬಿಗೆ ಉರುಳುತ್ತ ಹೋಗಿ ನೀರಿಗೆ ಬೀಳುತ್ತದೆ. ಕಾದಂಬರಿಯಲ್ಲಿ ವರ್ಷಗಳ ಅಂತರದಲ್ಲಿರುವ ಎರಡು ಸಂಗತಿಗಳು ಇಲ್ಲಿ ಒಂದೇ ಅಪರಾಹ್ನದಲ್ಲಿ ನಡೆದುಹೋಗುತ್ತವೆ. ಬೆಳೆಯುವ ಮಗುವಿಗೆ ಸಾವಿನ ಮೊದಲ ಪರಿಚಯ ಆಗಬೇಕಾದದ್ದು ಹೀಗೆಯೇ ಎನಿಸುವಷ್ಟು ಸಹಜವಾಗಿ ಈ ಜೋಡಣೆ ಕೂತಿದೆ.

ಕಾದಂಬರಿಯ ಅಪು ಚಿತ್ರದಲ್ಲಿ ಇಲ್ಲವೆಂದು ನಾನು ಹೇಳುವುದು ಏಕೆಂದರೆ, ಆ ಅಪು ಹೆಚ್ಚಾಗಿ ಬದುಕುವುದು ತನ್ನ ತಲೆಯೊಳಗೆ. ತಾಯಿ ಕಾಶೀರಾಮ ದಾಸನ ಮಹಾಭಾರತವನ್ನು ಓದುವಾಗ ಅವನ ಕಣ್ಣಲ್ಲಿ ನೀರು ತುಂಬುವುದು ಗೆದ್ದ ಅರ್ಜುನನಿಗಾಗಿ ಅಲ್ಲ, ಹೂತ ರಥಚಕ್ರವನ್ನು ಎತ್ತಲು ಇಳಿದ ಕರ್ಣನಿಗಾಗಿ. (ಪಂಪನನ್ನು ಓದಿದ ನಮಗೆ ಈ ಪಕ್ಷಪಾತ ಹೊಸದೇನಲ್ಲ, ಆ ಪುಟದಲ್ಲಿ ಹುಡುಗ ನಮ್ಮ ಮನೆಯವನೇ ಆಗಿಬಿಟ್ಟ.) ಅಪ್ಪನ ಪುಸ್ತಕಗಳ ನಡುವೆ ಸಿಕ್ಕಿದ ‘ಸರ್ವದರ್ಶನಸಂಗ್ರಹ’ದಲ್ಲಿ, ಹದ್ದಿನ ಮೊಟ್ಟೆಯಲ್ಲಿ ಪಾದರಸ ತುಂಬಿ ಬಿಸಿಲಿಗಿಟ್ಟು ಬಾಯಲ್ಲಿಟ್ಟುಕೊಂಡರೆ ಆಕಾಶದಲ್ಲಿ ಹಾರಬಹುದೆಂದು ಓದಿ, ಅವನು ದನಗಾಹಿ ಹುಡುಗನಿಂದ ಮೊಟ್ಟೆಗಳನ್ನು ಕೊಂಡು ಬಚ್ಚಿಡುತ್ತಾನೆ. ಏನೋ ಹುಡುಕಲು ಬಂದ ಅಕ್ಕನ ಕೈತಾಗಿ ಅವು ಒಡೆಯುತ್ತವೆ. ಒಡೆದದ್ದು ಮೊಟ್ಟೆ ಮಾತ್ರವಲ್ಲವೆಂಬುದು ಅವಳಿಗೆ ತಿಳಿಯುವುದೇ ಇಲ್ಲ. ಊರಿಗೆ ಬಂದ ಜಾತ್ರಾ ಎಂಬ ಬಂಗಾಳಿ ಜನಪದ ನಾಟಕದ ಮೇಳದ ಅಜಯನೆಂಬ ಹುಡುಗನ ಜೊತೆ ಅವನಿಗೆ ಬೆಳೆಯುವ ಗೆಳೆತನವೂ ಇಂಥದೇ. ಚಿತ್ರದಲ್ಲಿ ಜಾತ್ರಾ ಆಟ ಉಳಿದಿದೆ, ಮರುದಿನ ಅಪು ಹೊಳೆಯುವ ಕಾಗದದಿಂದ ಕಿರೀಟ ಮಾಡಿಕೊಳ್ಳುವುದು ಉಳಿದಿದೆ, ಆ ಕಾಗದಕ್ಕಾಗಿ ಅಕ್ಕನ ಜೊತೆ ನಡೆಯುವ ಜಗಳ ಉಳಿದಿದೆ. ಅಜಯ ಬಿಟ್ಟುಹೋಗಿದ್ದಾನೆ. ಸುಬೀರ್ ಬ್ಯಾನರ್ಜಿಯ ಅಪು ಬೆರಗಿನಿಂದ ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ಮೊದಲ ಬಾರಿ ನಾವು ಅವನನ್ನು ಕಾಣುವುದು ಹರಿದ ಹೊದಿಕೆಯ ತೂತಿನಲ್ಲಿ ದುರ್ಗಾ ರೆಪ್ಪೆ ಬಿಡಿಸಿ ತೆರೆದ ಒಂದು ಕಣ್ಣಾಗಿ. ಆ ಕಣ್ಣು ಏನೇನು ಕಂಡಿತೆಂಬುದನ್ನು ಚಿತ್ರ ನಮಗೆ ತೋರಿಸುತ್ತದೆ, ಅದರಿಂದ ಅವನು ಒಳಗೆ ಏನು ಕಟ್ಟಿಕೊಂಡನೆಂಬುದನ್ನು ಕಾದಂಬರಿ ಮಾತ್ರ ಹೇಳುತ್ತದೆ.

ಈ ವ್ಯತ್ಯಾಸಕ್ಕೆ ಒಂದು ಹಿನ್ನೆಲೆಯೂ ಇದ್ದಿರಬೇಕು. ರಾಯ್ ಈ ಕೃತಿಯೊಳಕ್ಕೆ ಹೊಕ್ಕದ್ದು 1940ರ ದಶಕದಲ್ಲಿ ಸಿಗ್ನೆಟ್ ಪ್ರೆಸ್‌ನವರ ‘ಆಮ್ ಆಂಟಿರ್ ಭೇಂಪು’ ಎಂಬ ಮಕ್ಕಳ ಸಂಕ್ಷಿಪ್ತ ಆವೃತ್ತಿಗೆ ಚಿತ್ರ ಬರೆಯುತ್ತ. ಹೀಗಾಗಿ ಕಾದಂಬರಿ ಅವರ ಕೈಗೆ ಬರುವಾಗಲೇ ಅರ್ಧ ಇಳಿದಿತ್ತು, ಮತ್ತು ಮಾತಾಗುವುದಕ್ಕೆ ಮುಂಚೆ ಚಿತ್ರವಾಗಿತ್ತು. ತಯಾರಿಕೆಯ ಕಷ್ಟಗಳ ಕಥೆ ಎಲ್ಲರಿಗೂ ಗೊತ್ತಿರುವುದೇ ಆದ್ದರಿಂದ ಅದನ್ನು ಬೆಳೆಸುವುದಿಲ್ಲ. ಆದರೆ 1952ರ ಅಕ್ಟೋಬರಿನಲ್ಲಿ ಮೊದಲ ದಿನ ಚಿತ್ರೀಕರಿಸಿದ ಕಾಶದ ಬಯಲನ್ನು ಮುಂದಿನ ವಾರದೊಳಗೆ ದನಗಳು ಮೇಯ್ದು ಮುಗಿಸಿದ್ದವೆಂಬುದನ್ನೂ, ಉಳಿದ ಭಾಗಕ್ಕೆ ಮರುವರ್ಷದ ಹೂವಿಗೆ ಕಾಯಬೇಕಾಯಿತೆಂಬುದನ್ನೂ ನೆನೆದರೆ, ಕಾದಂಬರಿಯಲ್ಲಿಲ್ಲದ ಆ ದೃಶ್ಯಕ್ಕಾಗಿ ರಾಯ್ ಎಷ್ಟು ಹಟ ಹಿಡಿದಿದ್ದರೆಂಬುದು ತಿಳಿಯುತ್ತದೆ.

ದುರ್ಗಾಳ ಸಾವಿನ ನಂತರ ಎರಡು ಕೃತಿಗಳೂ ಬೇರೆ ಬೇರೆ ಜಾಗಗಳಲ್ಲಿ ಮೇಲೇರುತ್ತವೆ. ಹರಿಹರ ಏನನ್ನೂ ಅರಿಯದೆ ಊರಿಗೆ ಮರಳಿ, ತಂದ ಸಾಮಾನುಗಳನ್ನು ಒಂದೊಂದಾಗಿ ತೆಗೆದು ಮಗಳ ಸೀರೆಯನ್ನು ಹೆಂಡತಿಯ ಕೈಗಿಡುವ ಘಳಿಗೆಯಲ್ಲಿ, ಸರ್ವಜಯಾ ಪಾತ್ರದ ಕರುಣಾ ಬ್ಯಾನರ್ಜಿ ಬಾಯಿ ತೆರೆದು ಕುಸಿಯುತ್ತಾರೆ, ಆದರೆ ಅವರ ದನಿ ನಮಗೆ ಕೇಳುವುದಿಲ್ಲ. ಅದರ ಜಾಗದಲ್ಲಿ ದಕ್ಷಿಣಾ ಮೋಹನ್ ಠಾಕೂರರ ತಾರ್ ಶೆಹನಾಯಿ ಎಂಬ ತಂತಿವಾದ್ಯ ಚೀರುತ್ತದೆ. ಕಾದಂಬರಿಯಲ್ಲಿ ಇದೇ ಪ್ರಸಂಗವನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ ನಿಜ, ಆದರೆ ಚಿತ್ರದ ಮುಂದೆ ಅದು ಸಪ್ಪೆ. ಕದ್ದ ವಸ್ತುವಿನ ವಿಷಯದಲ್ಲಿಯೂ ಹಾಗೆಯೇ. ಕಾದಂಬರಿಯಲ್ಲಿ ಅಪುವಿಗೆ ಸಿಗುವುದು ಅಕ್ಕ ಕದ್ದಿಟ್ಟಿದ್ದ ಚಿನ್ನದ ಪುಟ್ಟ ಭರಣಿ, ಅದನ್ನು ಅವನು ಬಿದಿರ ಮೆಳೆಯೊಳಕ್ಕೆ ಎಸೆಯುತ್ತಾನೆ. ಚಿತ್ರದಲ್ಲಿ ಸಿಗುವುದು ಮಣಿಸರ, ಎಸೆಯುವುದು ಕೊಳಕ್ಕೆ. ಸರ ಬಿದ್ದ ಜಾಗದಲ್ಲಿ ಪಾಚಿ ಬಿರಿದು ಕಪ್ಪು ನೀರು ಕಾಣುತ್ತದೆ, ನಾವು ನೋಡುತ್ತಿರುವಂತೆಯೇ ಪಾಚಿ ಮೆಲ್ಲನೆ ಕೂಡಿಕೊಳ್ಳುತ್ತದೆ. ಅಕ್ಕನ ಮಾನವನ್ನು ತಮ್ಮ ಕಾಪಾಡಿದನೆಂದು ಹೇಳಲು ಇನ್ನು ಯಾರ ಮಾತೂ ಬೇಕಿಲ್ಲ.

ಅದಕ್ಕೂ ಮೊದಲು ಬರುವ ಇನ್ನೊಂದು ದೃಶ್ಯ ನನ್ನ ತೀರ್ಪನ್ನೇ ಸ್ವಲ್ಪ ಅಲುಗಿಸಿತು. ಅಕ್ಕ ಸತ್ತ ಮೇಲಿನ ಒಂದು ದಿನ ಅಪು ತಾನೇ ತಲೆ ಬಾಚಿಕೊಂಡು, ಶಾಲು ಹೊದ್ದು, ಎಣ್ಣೆಯ ಬಾಟಲಿ ಹಿಡಿದು ಅಂಗಡಿಗೆ ಹೊರಡುತ್ತಾನೆ. ನಾಲ್ಕು ಹೆಜ್ಜೆ ಇಟ್ಟವನು ನಿಂತು ಆಕಾಶ ನೋಡುತ್ತಾನೆ, ಒಳಗೆ ಹೋಗಿ ಕೊಡೆ ತರುತ್ತಾನೆ. ಮಳೆಯಲ್ಲಿ ನೆನೆದು ಜ್ವರ ಬಂದು ಸತ್ತವಳ ತಮ್ಮ ಅವನು. ಬಾಲ್ಯ ಮುಗಿಯಿತೆಂಬುದನ್ನು ಇಷ್ಟು ಸಣ್ಣ ಕೆಲಸದಲ್ಲಿ ತೋರಿಸಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಹಾಗೆ ನೋಡಿದರೆ ಅಪುವಿನ ಒಳಗನ್ನು ಚಿತ್ರ ಮುಟ್ಟಿಲ್ಲವೆಂಬ ನನ್ನ ಆಕ್ಷೇಪಣೆ ಈ ಒಂದು ನಿಮಿಷದ ಮಟ್ಟಿಗೆ ಸುಳ್ಳು.

ಇನ್ನು ಅಂತ್ಯ. ಚಿತ್ರ ಮುಗಿಯುವುದು ಕುಟುಂಬ ಎತ್ತಿನ ಗಾಡಿಯಲ್ಲಿ ಊರು ಬಿಡುವಲ್ಲಿ, ಪಾಳು ಮನೆಯೊಳಕ್ಕೆ ಹಾವು ಹರಿದುಹೋಗುವಲ್ಲಿ. ಕ್ಲಾರ್ಕ್ ಮತ್ತು ಮುಖರ್ಜಿಯವರ ಅನುವಾದವೂ ಊರು ಬಿಡುವಲ್ಲಿಗೇ ನಿಲ್ಲುತ್ತದೆ. ಮೂಲದ ಮೂರನೆಯ ಭಾಗವನ್ನು ಅವರು ಕೈಬಿಟ್ಟಿದ್ದಾರೆ. ಚಿತ್ರವೊಂದು ತಾನು ಹುಟ್ಟಿದ ಕಾದಂಬರಿಯ ಗಡಿಯನ್ನೇ ಹೀಗೆ ತಿದ್ದಿದ್ದು ನನಗೆ ಅಷ್ಟಾಗಿ ಸರಿಬರಲಿಲ್ಲ. ಬಿಟ್ಟ ಭಾಗದಲ್ಲಿ ಕಾಶಿಯ ಬದುಕಿದೆ, ಹರಿಹರನ ಸಾವಿದೆ, ಶ್ರೀಮಂತರ ಮನೆಯಲ್ಲಿ ಅಡುಗೆಯವಳಾಗಿ ದುಡಿಯುವ ಸರ್ವಜಯಾ ಇದ್ದಾಳೆ, ಆ ಮನೆಯ ಲೀಲಾ ಎಂಬ ಹುಡುಗಿಯ ಗೆಳೆತನವಿದೆ. ಇದರ ಕೆಲವಂಶವನ್ನು ರಾಯ್ 1956ರ ‘ಅಪರಾಜಿತೋ’ ಚಿತ್ರಕ್ಕೆ ಬಳಸಿಕೊಂಡರು. ಮೂಲದ ಕೊನೆಯಲ್ಲಿ ಊರಿಗೆ ಮರಳಲು ಹಂಬಲಿಸುವ ಹುಡುಗನನ್ನು ಕಂಡು ಹಾದಿಯ ದೇವರು ನಸುನಗುತ್ತಾನೆ, ತನ್ನ ಹಾದಿ ನಿಮ್ಮೂರಿನ ಬಿದಿರ ಮೆಳೆಯಲ್ಲಿ ಮುಗಿದಿಲ್ಲವೆನ್ನುತ್ತಾನೆ. ಸಹೋದ್ಯೋಗಿ ಈ ಭಾಗವನ್ನು ಊಟದ ಬಿಡುವಿನಲ್ಲಿ ಓದುತ್ತಿದ್ದಾಗ ಡಬ್ಬಿಯ ಮುಚ್ಚಳ ತೆರೆಯಲು ಇಬ್ಬರಿಗೂ ಮರೆತಿತ್ತು. ಕೃತಿಯ ಹೆಸರು ಹಾದಿಯ ಹಾಡು ಎಂದೇಕೆ ಇದೆಯೆಂಬುದು ನನಗೆ ಅರ್ಥವಾದದ್ದು ಆಗ.

ಯಾವುದನ್ನು ಮೊದಲು ಹಿಡಿಯಬೇಕೆಂದು ಕೇಳುವವರಿಗೆ, ಕಾದಂಬರಿಯನ್ನೇ ಎನ್ನುತ್ತೇನೆ. ಕಾರಣ ಚಿತ್ರದ ಕೊನೆಯ ದೃಶ್ಯದಲ್ಲಿಯೇ ಇದೆ. ಗಾಡಿಯೊಳಗೆ ತಂದೆ ತಾಯಿಯರ ಜೊತೆ ಕೂತ ಅಪು ಎಲ್ಲಿಗೆ ಹೊರಟಿದ್ದಾನೆಂಬುದನ್ನು ಚಿತ್ರ ತೋರಿಸುವುದಿಲ್ಲ. ಕಾದಂಬರಿಯಲ್ಲಿ ಆ ಗಾಡಿ ಹೋಗಿ ನಿಲ್ಲುವುದು ರೈಲು ನಿಲ್ದಾಣದಲ್ಲಿ. ಅಲ್ಲಿ ರೈಲು ಹತ್ತಿದ ಅಪುವಿಗೆ, ಊರಂಚಿನ ಮರದಡಿಯಲ್ಲಿ ಅಕ್ಕ ಸಪ್ಪೆ ಮುಖ ಹಾಕಿಕೊಂಡು ನಿಂತು ತಮ್ಮ ಗಾಡಿಯನ್ನೇ ನೋಡುತ್ತಿರುವಂತೆ ತೋರುತ್ತದೆ. ಎರಡನೆಯ ಸಲ ಚಿತ್ರ ನೋಡುವಾಗ, ಪರದೆಯ ಮೇಲೆ ಎತ್ತಿನ ಗಾಡಿ ಇನ್ನೂ ಅಲುಗಾಡುತ್ತಿರುವಾಗಲೇ, ನಾನು ಆ ಮರವನ್ನು ಹುಡುಕುತ್ತಿದ್ದೆ.