ಎರಡೂವರೆ ವರ್ಷ ವೈ-ಫೈ ರೇಡಿಯೋ ಕೇಳಿದ ಮೇಲೆ: ನೆಟ್ ಸೌಂಡು, ಎಫ್‌ಎಂ ಸೌಂಡು

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ನನ್ನದು ಟೈಲರ್ ಅಂಗಡಿ. ಬೆಳಿಗ್ಗೆ ಶಟರ್ ಎತ್ತಿ ರೇಡಿಯೋ ಹಾಕಿದರೆ ರಾತ್ರಿ ಬಾಗಿಲು ಹಾಕುವ ತನಕ ಅದು ಹಾಡುತ್ತಲೇ ಇರಬೇಕು. ಕೈ, ಕಾಲು, ಕಣ್ಣು ಮೂರೂ ಮಷಿನ್ ಮೇಲೆ. ಖಾಲಿ ಇರೋದು ಕಿವಿ ಒಂದೇ ಅಲ್ವಾ?

ಎರಡೂವರೆ ವರ್ಷದ ಹಿಂದೆ ತಂಗಿ ಮಗ ಒಂದು ವೈ-ಫೈ ರೇಡಿಯೋ, ಅಂದರೆ ಇಂಟರ್ನೆಟ್ಟಿನಿಂದ ಸ್ಟೇಷನ್ ಹಾಡಿಸುವ ಸೆಟ್ಟು, ಆನ್‌ಲೈನ್‌ನಲ್ಲಿ ತರಿಸಿಕೊಟ್ಟ. "ಮಾವ, ಇನ್ಮೇಲೆ ಗೊರಗೊರ ಅನ್ನೋ ಮಾತೇ ಇಲ್ಲ" ಅಂದ. ಹೌದು, ಗೊರಗೊರ ಹೋಯ್ತು. ಅದರ ಜಾಗಕ್ಕೆ ಇನ್ನೊಂದು ಕಿರಿಕಿರಿ ಬಂತು. ಅದು ಏನು ಅಂತ ಗೊತ್ತಾಗೋಕೆ ನನಗೆ ಎರಡು ತಿಂಗಳು ಹಿಡಿಯಿತು.

ಕಂಪನಿ ಹೆಸರು ಬರೆಯುವುದಿಲ್ಲ, ಇಂಥ ಸೆಟ್ಟುಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಥರ. ನನಗೆ ಅನುಕೂಲವಾಗಿದ್ದು ಏನಂದರೆ ಇದರಲ್ಲಿ ನೆಟ್ಟೂ ಇದೆ, ಎಫ್‌ಎಂ ಕೂಡ ಇದೆ, ಸ್ಪೀಕರ್ ಮಾತ್ರ ಒಂದೇ. ಹೋಲಿಕೆ ಮಾಡೋದಾದರೆ ಹೀಗೇ ಮಾಡಬೇಕು. ಮೊಬೈಲಿನ ಕಡ್ಲೆಕಾಳಿನಷ್ಟು ಸ್ಪೀಕರಲ್ಲಿ ನೆಟ್ ರೇಡಿಯೋ ಕೇಳಿ, ಮರದ ಪೆಟ್ಟಿಗೆಯ ಹಳೇ ಸೆಟ್ಟಲ್ಲಿ ಎಫ್‌ಎಂ ಕೇಳಿ, "ಹಳೇದೇ ಚೆಂದ" ಅನ್ನುವವರು ತುಂಬಾ ಜನ ಇದ್ದಾರೆ. ಅವರು ಹೊಗಳುತ್ತಿರುವುದು ಪೆಟ್ಟಿಗೆಯನ್ನು, ಎಫ್‌ಎಮ್ಮನ್ನಲ್ಲ.

ಮೊದಲು ಗೆದ್ದದ್ದು ಹೇಳುತ್ತೇನೆ. ಅಪ್ಪನ ಕಾಲದ ಮೀಡಿಯಂ ವೇವ್ ಸೆಟ್ ಇನ್ನೂ ಅಂಗಡಿಯಲ್ಲಿದೆ. ಭದ್ರಾವತಿ 675, ಧಾರವಾಡ 765. ಆ ನಂಬರುಗಳಿಗೆ ಮುಳ್ಳು ತಿರುಗಿಸೋಕೆ ಕಣ್ಣೂ ಬೇಡ. ಆದರೆ ನಾನು ಮಷಿನ್ನಿಗೆ ಮೋಟರ್ ಹಾಕಿಸಿದ ದಿನದಿಂದ ಧಾರವಾಡ ಮುಗಿಯಿತು. ಪೆಡಲ್ ಒತ್ತಿದರೆ ಸಾಕು, ಗರ್ರ್! ಮೋಟರಿನೊಳಗೆ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ, ಆ ಕಿಡಿಯನ್ನೂ ಸೆಟ್ಟು ಸ್ಟೇಷನ್ ಅಂದುಕೊಂಡು ಹಿಡಿದುಬಿಡುತ್ತದೆ. ಮೀಡಿಯಂ ವೇವ್‌ನಲ್ಲಿ ಧ್ವನಿ ಕೂತಿರುವುದೇ ಅಲೆಯ ಏರಿಳಿತದಲ್ಲಿ, ಕಿಡಿಯೂ ಅದೇ ಏರಿಳಿತಕ್ಕೆ ಬಂದು ಸೇರುತ್ತದೆ. ಮೇಲಿಂದ ಎಲ್‌ಇಡಿ ಬಲ್ಬು ಬೇರೆ. ಹೀಗಾಗಿ ಒಂದು ತೋಳು ಹೊಲಿದು ನಿಲ್ಲಿಸಿದಾಗ ಒಂದು ಸಾಲು ವಾರ್ತೆ, ಇನ್ನೊಂದು ತೋಳು ಆದಮೇಲೆ ಇನ್ನೊಂದು ಸಾಲು.

ನೆಟ್‌ನಲ್ಲಿ ಅದೇ ಧಾರವಾಡ ಹಾಕಿದ ಮೊದಲ ದಿನ ಸುಮ್ನೆ ಕೂತು ಕೇಳಿದೆ, ಗಿರಾಕಿ ಬಂದರೂ ಏಳಲಿಲ್ಲ. ಮೀಡಿಯಂ ವೇವ್‌ನಲ್ಲಿ ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ 9 ಕಿಲೋಹರ್ಟ್ಜ್ ಅಂತರ. ಹಾಗಾಗಿ ಸಾಮಾನ್ಯ ಸೆಟ್ಟಲ್ಲಿ ನಾಲ್ಕೂವರೆ ಸಾವಿರ ಹರ್ಟ್ಜ್ ಮೇಲಿನ ಶಬ್ದ ಹೆಚ್ಚೇನೂ ಉಳಿಯುವುದಿಲ್ಲ. "ಸ" ಮಂಕು, ಸಿತಾರಿನ ತಂತಿಯ ಹೊಳಪು ಇಲ್ಲವೇ ಇಲ್ಲ. ನೆಟ್‌ನಲ್ಲಿ ತಂಬೂರಿ ಮೀಟಿದ ಮೇಲಿನ ಝೇಂಕಾರ ಕೂಡ ಕೇಳಿಸಿತು. ಮೈಸೂರು ಆಕಾಶವಾಣಿಯೂ ಹಾಗೇ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ಸ್ಟೇಷನ್ ಅದು. ಅದರ 100.6 ಎಫ್‌ಎಂ ದುರ್ಗದ ತನಕ ಬರುವ ಮಾತೇ ಇಲ್ಲ. ದೂರದ ಸ್ಟೇಷನ್ ಅಂತಾದರೆ ನೆಟ್ಟೇ ಸರಿ, ಈ ವಿಷಯದಲ್ಲಿ ನನಗೆ ವಾದ ಇಲ್ಲ.

ಈಗ ಆ ಕಿರಿಕಿರಿ. ಬೆಳಿಗ್ಗೆ ಭಕ್ತಿಗೀತೆಗೆ ಅಂತ ಒಂದು ನೆಟ್ ಸ್ಟೇಷನ್ ಹಾಕುತ್ತಿದ್ದೆ. ಗೊರಗೊರ ಇಲ್ಲ, ಕಡಿತ ಇಲ್ಲ, ಆದರೂ ಅರ್ಧ ಗಂಟೆಗೆ ತಲೆ ಭಾರ. ಒಂದಿನ ಭಜನೆ ಪದ ಬಂತು. ಆಗ ತಾಳದ ಮೇಲೆ ಕಿವಿ ಇಟ್ಟೆ. ನಮ್ಮ ಬೀದಿಯ ಭಜನೆ ಮನೆಯಲ್ಲಿ ತಾಳ ಬಡಿದರೆ "ಟಿಣ್" ಅಂತ ಎದ್ದು, ನಿಧಾನಕ್ಕೆ ಸಣ್ಣಗಾಗುತ್ತಾ ಹೋಗುತ್ತದೆ. ಇಲ್ಲಿ "ಚ್ಛಿಸ್" ಅಂತ ಶುರು, ಆಮೇಲೆ ನೀರೊಳಗೆ ಗುಳುಗುಳು ಅಂದ ಹಾಗೆ. ಜನ ಚಪ್ಪಾಳೆ ತಟ್ಟಿದರೆ ಬಾಣಲೆಯಲ್ಲಿ ಮಿರ್ಚಿ ಬಿಟ್ಟ ಸದ್ದು! ಸೆಟ್ಟಿನ ಪರದೆ ನೋಡಿದರೆ 48 ಕೆಬಿಪಿಎಸ್ ಅಂತ ಇತ್ತು. ಅಂದರೆ ಸೆಕೆಂಡಿಗೆ ಅಷ್ಟೇ ಡೇಟಾದಲ್ಲಿ ಹಾಡನ್ನು ತುಂಬಬೇಕು. ಹಿಡಿಸದೇ ಇದ್ದದ್ದನ್ನು, ಕಿವಿಗೆ ಅಷ್ಟಾಗಿ ಗೊತ್ತಾಗಲ್ಲ ಅಂತ ಲೆಕ್ಕ ಹಾಕಿ ಬಿಟ್ಟುಬಿಡುತ್ತಾರೆ. ಮಾತು ಹೇಗೋ ಬಚಾವಾಗುತ್ತದೆ. ತಾಳ, ಗೆಜ್ಜೆ, ಚಪ್ಪಾಳೆ ಏಟು ತಿನ್ನುತ್ತವೆ. 128 ತೋರಿಸುವ ಸ್ಟೇಷನ್‌ಗಳಲ್ಲಿ ಈ ತೊಂದರೆ ನನಗೆ ಅಷ್ಟಾಗಿ ಕಾಣಲಿಲ್ಲ. ಹಾಗಂತ ನಂಬರ್ ಒಂದನ್ನೇ ನಂಬಬೇಡಿ. ಹಾಡನ್ನು ಒತ್ತಿ ತುಂಬುವ ವಿಧಾನಗಳಲ್ಲೂ ವ್ಯತ್ಯಾಸ ಇದೆ: ಎಎಸಿ ಅನ್ನುವ ಹೊಸ ವಿಧಾನ ಬಳಸುವ 64ರ ಸ್ಟೇಷನ್, ಹಳೇ ಎಂಪಿ3 ವಿಧಾನದ 96ಕ್ಕಿಂತ ಚೆನ್ನಾಗಿ ಕೇಳಿಸಿದ್ದೂ ಇದೆ.

ಇದಾದ ಮೇಲೆ ನಮ್ಮೂರಿನ 102.6ಕ್ಕೆ ಬಟನ್ ಒತ್ತಿದೆ. ಎಫ್‌ಎಂ 15 ಸಾವಿರ ಹರ್ಟ್ಜ್ ತನಕ ಧ್ವನಿ ಒಯ್ಯುತ್ತದೆ. ನನಗೆ 52 ವರ್ಷ, ಅದಕ್ಕಿಂತ ಮೇಲಿನದ್ದು ಕೊಟ್ಟರೂ ನನ್ನ ಕಿವಿ ಇಸ್ಕೊಳ್ಳಲ್ಲ. ತಾಳ ಮತ್ತೆ ಟಿಣ್ ಅಂದಿತು. ಮಷಿನ್ ಓಡಿಸಿದರೂ ಗರ್ರ್ ಇಲ್ಲ, ಯಾಕಂದರೆ ಎಫ್‌ಎಂ ಸೆಟ್ಟು ಅಲೆಯ ಏರಿಳಿತವನ್ನು ಕತ್ತರಿಸಿ ಹಾಕಿ, ಕಂಪನ ಎಷ್ಟು ಸರಿಯಿತು ಅನ್ನುವುದನ್ನು ಮಾತ್ರ ನೋಡುತ್ತದೆ. ಹತ್ತಿರದ ಸ್ಟೇಷನ್, ಒಳ್ಳೇ ಸಿಗ್ನಲ್ ಇದ್ದರೆ ನಾನು ಎಫ್‌ಎಮ್ಮಿಗೇ ಓಟು ಹಾಕುವುದು. ಅಂಗಡಿಯಲ್ಲಿ ಈ ಮಾತು ಸರಿ. ಕೋಟೆ ಕಡೆಯ ನಮ್ಮ ಮನೆಯಲ್ಲಿ ಬಂಡೆಗಳು ಅಡ್ಡ. ಅಡುಗೆಮನೆ ಕಿಟಕಿಗೆ ಏರಿಯಲ್ ತಾಗಿಸಿದರೆ ಸ್ವಚ್ಛ, ಒಂದು ಮಾರು ಒಳಗೆ ತಂದರೆ ಸುಯ್ ಅನ್ನುತ್ತದೆ.

ತಡದ ಕಥೆ ಬೇರೆ ಇದೆ. ಪಕ್ಕದ ಕ್ಯಾಂಟೀನಿನಲ್ಲಿ ಎಫ್‌ಎಂ ಸೆಟ್ ಓಡುತ್ತಿರುತ್ತದೆ. ನಾನು ಅದೇ ಸ್ಟೇಷನ್ ನೆಟ್‌ನಲ್ಲಿ ಹಾಕಿದರೆ ಮಜಾ. ಅಲ್ಲಿ ಪಲ್ಲವಿ ಕೇಳಿ, ಟೀ ಲೋಟ ಹಿಡ್ಕೊಂಡು ನನ್ನ ಅಂಗಡಿಗೆ ಬಂದರೆ ಮತ್ತೆ ಅದೇ ಪಲ್ಲವಿ ಶುರುವಾಗುತ್ತಿರುತ್ತದೆ. ವಾಚ್ ಹಿಡಿದು ನೋಡಿದೆ, 34 ಸೆಕೆಂಡ್. ಧ್ವನಿಯನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ, ಸೆಟ್ಟು ಒಂದೆರಡು ತುಂಡು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಹಾಡಿಗೆ ಏನೂ ನಷ್ಟ ಇಲ್ಲ. ಆದರೆ ವಾರ್ತೆಗೆ ಮುಂಚಿನ ಬೀಪ್ ಕೇಳಿ ಗಡಿಯಾರ ಸರಿ ಮಾಡುವ ಅಭ್ಯಾಸ ಇದ್ದವರು ಅದನ್ನು ಬಿಡಬೇಕು.

ಖರ್ಚು: ಅಂಗಡಿಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಮೊಬೈಲಿನ ಹಾಟ್‌ಸ್ಪಾಟೇ ಗತಿ. 64ರಲ್ಲಿ ಗಂಟೆಗೆ ಸುಮಾರು 29 ಎಂಬಿ, 128ರಲ್ಲಿ ಅದರ ಎರಡು ಪಟ್ಟು. ದಿನಕ್ಕೆ ಎಂಟು ಗಂಟೆ ಕೇಳಿದರೂ ಅರ್ಧ ಜಿಬಿ ದಾಟುವುದಿಲ್ಲ.

ಕೆಡುವ ರೀತಿಯೂ ಬೇರೆ. ಎಫ್‌ಎಂ ಕೆಟ್ಟರೆ ಗೊರಗೊರದ ನಡುವೆಯೂ ಹಾಡು ಯಾವುದು ಅಂತ ಗೊತ್ತಾಗುತ್ತದೆ. ನೆಟ್ ಕೆಟ್ಟರೆ ಪೂರ್ತಿ ಮೌನ, ಪರದೆ ಮೇಲೆ ಚಕ್ರ ಸುತ್ತುತ್ತಿರುತ್ತದೆ. ಗಣಪತಿ ಮೆರವಣಿಗೆಯ ದಿನ ಊರೆಲ್ಲ ಮೊಬೈಲ್ ಎತ್ತಿ ಹಿಡಿದಿರುವಾಗ ನನ್ನ ರೇಡಿಯೋ ಮಧ್ಯಾಹ್ನದಿಂದ ಬರೀ ಚಕ್ರ.

ಬೇಜಾರಾಗಿದ್ದು ಒಂದು ಸಲ. ಒಂದೂವರೆ ವರ್ಷದ ನಂತರ, ನಾನು ಆರಿಸಿಟ್ಟಿದ್ದ ಹತ್ತು ಸ್ಟೇಷನ್ನೂ ಒಂದೇ ಬೆಳಿಗ್ಗೆ ಮಾಯ. ಆಗ ತಿಳಿಯಿತು, ಪಟ್ಟಿ ಸೆಟ್ಟಿನೊಳಗೆ ಇರೋದಿಲ್ಲ, ಕಂಪನಿಯ ಸರ್ವರಿನಿಂದ ಬರುತ್ತದೆ. ಅವರು ಸರ್ವರ್ ಬದಲಿಸಿದ್ದರಂತೆ. ಹನ್ನೊಂದು ದಿನ ನನ್ನ ವೈ-ಫೈ ರೇಡಿಯೋ ಬರೀ ಎಫ್‌ಎಂ ರೇಡಿಯೋ ಆಗಿತ್ತು. ಕೊಳ್ಳುವವರು ಒಂದು ಕೇಳಿ: ಸ್ಟೇಷನ್ ವಿಳಾಸವನ್ನು ನಾವೇ ಹಾಕೋಕೆ ಆಗುತ್ತಾ? ಎಫ್‌ಎಂ ಇಲ್ಲದ ಮಾಡೆಲ್ ಮಾತ್ರ ಬೇಡವೇ ಬೇಡ.

ಈಗ ನನ್ನ ಪದ್ಧತಿ: ಬೆಳಿಗ್ಗೆಯಿಂದ ಊಟದ ತನಕ 102.6, ಊಟ ಆದಮೇಲೆ ನೆಟ್‌ನಲ್ಲಿ ಧಾರವಾಡ. ಕರೆಂಟ್ ಹೋದರೆ ಅಪ್ಪನ ಸೆಟ್ಟು, ಹೇಗಿದ್ದರೂ ಆಗ ಮಷಿನ್ ಮೋಟರ್ ಓಡುವುದಿಲ್ಲವಲ್ಲ.