ಕರ್ಬಲ್ ಸ್ಪೇಸ್ ಪ್ರೋಗ್ರಾಂ: ರಾಕೆಟ್ ಪಲ್ಟಿ ಹೊಡೆದಾಗಲೇ ಪಾಠ ಶುರು

‘ಆಡುತ್ತ ಕಲಿಯಿರಿ’ ಎಂದು ಮಾರುವ ಆಟಗಳು ಬಹುಪಾಲು ಪ್ರಶ್ನೆಪತ್ರಿಕೆಗೆ ಬಣ್ಣ ಬಳಿದಂಥವು. 2015ರಲ್ಲಿ 1.0 ಆವೃತ್ತಿ ಕಂಡ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಹಸಿರು ಕುಳ್ಳರನ್ನು ಕೂರಿಸಿ ರಾಕೆಟ್ ಹಾರಿಸಿ ಅನ್ನುತ್ತದೆ, ಅಷ್ಟೇ. ಆದರೂ ಪಿಯುಸಿಯ ಗುರುತ್ವಾಕರ್ಷಣೆ ಅಧ್ಯಾಯ ಕೈಗೆ ಹತ್ತುವುದು ಇಲ್ಲಿ.

ಒಂದು ಲೆಕ್ಕ ನೋಡಿ. ಆಟದ ಬಿಡಿಭಾಗಗಳಲ್ಲಿ ಮಾರ್ಕ್-1 ಕ್ಯಾಪ್ಸೂಲ್ 0.84 ಟನ್, ಟೆರಿಯರ್ ಎಂಜಿನ್ 0.5, ಎಫ್‌ಎಲ್-ಟಿ400 ಟ್ಯಾಂಕ್ ತುಂಬಿದಾಗ 2.25, ಬರಿದಾದಾಗ 0.25. ನಿರ್ವಾತದಲ್ಲಿ ಈ ಎಂಜಿನ್ನಿನ ಐಎಸ್‌ಪಿ (ಇಂಧನವನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಎಂಬುದರ ಅಳತೆ) 345 ಸೆಕೆಂಡ್. ಅದನ್ನು 9.81ರಿಂದ, ಆಮೇಲೆ ಇಡೀ ರಾಕೆಟ್ಟಿನ ತುಂಬಿದ ಮತ್ತು ಬರಿದಾದ ತೂಕಗಳ ಅನುಪಾತದ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 2,750 ಮೀಟರ್ ಡೆಲ್ಟಾ-ವಿ, ಅಂದರೆ ರಾಕೆಟ್ ತನ್ನ ವೇಗವನ್ನು ಒಟ್ಟು ಎಷ್ಟು ಬದಲಿಸಬಲ್ಲದು ಎಂಬ ಲೆಕ್ಕ. ಇನ್ನೊಂದು ಟ್ಯಾಂಕ್ ಸೇರಿಸಿದರೆ 5,500 ಆಗಬೇಕಲ್ಲ? ಆಗುವುದಿಲ್ಲ, 3,900ಕ್ಕೇ ನಿಲ್ಲುತ್ತದೆ. ಇಂಧನ ಹೊರಲೂ ಇಂಧನ ಬೇಕು.

ಹೊಸಬರ ರಾಕೆಟ್ ಮೇಲೇರುತ್ತಲೇ ಪಲ್ಟಿ ಹೊಡೆಯುತ್ತದೆ. ಮೇಲಿನ ಟ್ಯಾಂಕ್ ಬರಿದಾದಂತೆ ತೂಕದ ಕೇಂದ್ರ ಕೆಳಗಿಳಿದು, ಗಾಳಿಯ ಒತ್ತಡ ಮೂಗನ್ನು ಹಿಂದಕ್ಕೆ ತಿರುಗಿಸುವುದೇ ಕಾರಣ. ರೆಕ್ಕೆಗಳನ್ನು ಬುಡಕ್ಕೆ ಹಾಕಿ. ವೇಗ ಸೆಕೆಂಡಿಗೆ 100 ಮೀಟರ್ ದಾಟಿದಾಗ ಪೂರ್ವಕ್ಕೆ ಐದಾರು ಡಿಗ್ರಿ ಬಾಗಿಸಿ, ಮುಂದೆ ಪ್ರೊಗ್ರೇಡ್ (ರಾಕೆಟ್ ಸಾಗುತ್ತಿರುವ ದಿಕ್ಕು) ಗುರುತಿನ ಹತ್ತಿರವೇ ಇರಿ, 10 ಕಿ.ಮೀ. ಎತ್ತರದಲ್ಲಿ 45 ಡಿಗ್ರಿ ಇದ್ದರೆ ಸರಿ. ಪೂರ್ವವೇ ಯಾಕೆ? ಆಟದ ಗ್ರಹದ ತಿರುಗುವಿಕೆಯಿಂದ ಸೆಕೆಂಡಿಗೆ 175 ಮೀಟರ್ ವೇಗ ಪುಕ್ಕಟೆ ಸಿಗುತ್ತದೆ. ಕಕ್ಷೆ ಸೇರಲು ಒಟ್ಟು 3,400ರಷ್ಟು ಡೆಲ್ಟಾ-ವಿ ಇಟ್ಟುಕೊಳ್ಳಿ.

ನಿಜವಾದ ಮಜಾ ಇರುವುದು ಇನ್ನೊಂದು ನೌಕೆಯ ಬೆನ್ನು ಹತ್ತುವಾಗ. ಒಂದೇ ಕಕ್ಷೆಯಲ್ಲಿ ಮುಂದಿರುವುದನ್ನು ಹಿಡಿಯಲು ಬ್ರೇಕ್ ಹಾಕಬೇಕು! ಆಗ ಕಕ್ಷೆ ಕುಗ್ಗಿ, ಸುತ್ತು ಬೇಗ ಮುಗಿಯುತ್ತದೆ. ಮಂಗಳಯಾನ 2013ರ ನವೆಂಬರಿನಲ್ಲಿ ತಿಂಗಳಿಡೀ ಕಕ್ಷೆ ಹಿಗ್ಗಿಸುತ್ತ ಹೋಗಿ, ಡಿಸೆಂಬರ್ 1ರಂದು ಭೂಮಿ ಬಿಟ್ಟಿದ್ದರ ಗುಟ್ಟೂ ಇಲ್ಲಿ ತಿಳಿಯುತ್ತದೆ: ಚಿಕ್ಕ ಎಂಜಿನ್ನನ್ನು ಗ್ರಹಕ್ಕೆ ಅತಿ ಹತ್ತಿರವಿದ್ದಾಗ ಮಾತ್ರ ಉರಿಸಿ ನೋಡಿ, ಒಂದೇ ಸಲಕ್ಕೆ ಸಾಲದೆ ಸುತ್ತು ಸುತ್ತಿಗೂ ಉರಿಸಬೇಕಾಗುತ್ತದೆ.

ಕೊರತೆಗಳಿವೆ. ಗ್ರಹದ ತ್ರಿಜ್ಯ ಬರೀ 600 ಕಿ.ಮೀ., ಹಾಗಾಗಿ ಕಕ್ಷಾವೇಗ ಸೆಕೆಂಡಿಗೆ 2,280 ಮೀಟರ್. ನಮ್ಮ ಭೂಮಿಯಲ್ಲಿ 7,800. ನೌಕೆಯ ಮೇಲೆ ಒಂದು ಹೊತ್ತಿಗೆ ಒಂದೇ ಕಾಯದ ಸೆಳೆತ ಇರುವುದರಿಂದ ಲಗ್ರಾಂಜ್ ಬಿಂದುಗಳೇ (ಎರಡು ಕಾಯಗಳ ಸೆಳೆತದಲ್ಲಿ ನೌಕೆ ನೆಲೆ ನಿಲ್ಲಬಹುದಾದ ತಾಣಗಳು) ಇಲ್ಲ, ಆದಿತ್ಯ-ಎಲ್1 ಆಡಿಸಲಾಗದು. ಕನ್ನಡವೂ ಇಲ್ಲ.

ಕೊಳ್ಳುವುದಾದರೆ ಮೊದಲ ಭಾಗವನ್ನೇ ಕೊಳ್ಳಿ. 2023ರಲ್ಲಿ ಅರ್ಧಂಬರ್ಧ ಬಂದ ಎರಡನೆಯದು ಬೇಡ. ಎಲ್ಲ ಬಿಡಿಭಾಗಗಳೂ ಮೊದಲೇ ಸಿಗುವ ಸ್ಯಾಂಡ್‌ಬಾಕ್ಸ್‌ ಬಗೆಯ ಆಟದಲ್ಲಿ ಮಕ್ಕಳು ಬೂಸ್ಟರ್ ಮೇಲೆ ಬೂಸ್ಟರ್ ಕಟ್ಟಿ ಸುಮ್ಮನಾಗುತ್ತಾರೆ. ಪ್ರಯೋಗ ಮಾಡಿ ಬಿಡಿಭಾಗ ಗಳಿಸುವ ಸೈನ್ಸ್ ಮೋಡ್ ಇಟ್ಟು, ಹಾರಿಸುವ ಮುಂಚೆ ಡೆಲ್ಟಾ-ವಿಯನ್ನು ಕಾಗದದ ಮೇಲೆ ಬರೆಸಿ, ಪರದೆಯ ಅಂಕಿಯ ಜೊತೆ ತಾಳೆ ನೋಡಿಸಿ.